ಗೇಮ್ ಪಾರ್ಲರ್‌ಗಳಲ್ಲಿ ಕಾರಿನ ಯಂತ್ರಗಳೇ ತುಂಬಿರುವುದೇಕೆ, ವಿಮಾನದ ಯಂತ್ರಗಳು ಕಾಣದಿರುವುದೇಕೆ?

ಹಗರಿ ದಂಡೆ, ಬಳ್ಳಾರಿ

ಮಾನ್ಯರೇ,

ನನ್ನ ತಮ್ಮ ಬಳ್ಳಾರಿಯಲ್ಲಿ ಒಂದು ಸಣ್ಣ ಗೇಮ್ ಪಾರ್ಲರ್ ತೆರೆಯುವ ಸಿದ್ಧತೆಯಲ್ಲಿದ್ದಾನೆ. ಮಳಿಗೆ ಚಿಕ್ಕದಾದ್ದರಿಂದ ಕುಳಿತು ಆಡುವ ದೊಡ್ಡ ಯಂತ್ರಗಳನ್ನು ಮೂರೋ ನಾಲ್ಕೋ ಇಡಬಹುದು, ಅಷ್ಟೆ. ಬಳಸಿದ ಯಂತ್ರಗಳನ್ನು ಮಾರುವ ವ್ಯಾಪಾರಿಯೊಬ್ಬರು ಕಳುಹಿಸಿದ ಪಟ್ಟಿಯನ್ನು ನಾವಿಬ್ಬರೂ ಕುಳಿತು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಾರು, ಬೈಕು, ಲಾರಿ ಓಡಿಸುವ ಯಂತ್ರಗಳು ಬೇಕಾದಷ್ಟಿವೆ. ವಿಮಾನ ಹಾರಿಸುವ ಯಂತ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರು, ಹೈದರಾಬಾದಿನ ಮಾಲುಗಳಲ್ಲಿ ನಾನು ಕಂಡಿದ್ದೂ ಇದನ್ನೇ: ಉದ್ದಕ್ಕೂ ಸ್ಟೀರಿಂಗ್‌ಗಳ ಸಾಲು, ಯಾವುದೋ ಮೂಲೆಯಲ್ಲಿ, ಅದೂ ಇದ್ದರೆ, ಒಂದು ವಿಮಾನ.

ಇದು ನನಗೆ ಒಗಟಾಗಿಯೇ ಉಳಿದಿದೆ. ಕಾರು ಓಡಿಸುವ ಅವಕಾಶ ಇಂದಲ್ಲ ನಾಳೆ ಬಹಳ ಜನರಿಗೆ ಸಿಕ್ಕೀತು. ವಿಮಾನ ಹಾರಿಸುವ ಅವಕಾಶ ನಮ್ಮಲ್ಲಿ ಯಾರಿಗೆ ಸಿಗುತ್ತದೆ? ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದ ಕಡೆಗೆ ಇಳಿಯುವ ವಿಮಾನವನ್ನು ಹೊಲದ ಬದುವಿನಲ್ಲಿ ನಿಂತು ಕತ್ತೆತ್ತಿ ನೋಡುವ ಹುಡುಗರು ಆ ಆಸೆಯನ್ನು ಒಂದು ಟೋಕನ್ನಿನಲ್ಲಿ ತೀರಿಸಿಕೊಳ್ಳಲು ಓಡಿ ಬರಬೇಕಲ್ಲವೇ? ಹಾಗಾಗಿಲ್ಲವೆಂದರೆ ಅದಕ್ಕೆ ಕಾರಣ ತಾಂತ್ರಿಕ ತೊಡಕೇ, ವ್ಯಾಪಾರದ ಲೆಕ್ಕವೇ, ಅಥವಾ ಆಟದ ಸ್ವರೂಪದಲ್ಲಿಯೇ ಏನಾದರೂ ಇದೆಯೇ? ತಮ್ಮನಿಗೆ ಒಂದಾದರೂ ವಿಮಾನದ ಯಂತ್ರ ತರಿಸಬೇಕೆಂಬ ಹಟವಿದೆ. ಹಣ ಹಾಕುವ ಮುಂಚೆ ಬಲ್ಲವರ ಮಾತು ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಶಕ್ತಿನಗರದವ, ರಾಯಚೂರು

ನಾನು ಕಂಪ್ಯೂಟರ್ ಗ್ರಾಫಿಕ್ಸ್ ಪಾಠ ಮಾಡುವವನು. ಆದ್ದರಿಂದ ನಿಮ್ಮ ಪ್ರಶ್ನೆಯ ತಾಂತ್ರಿಕ ಭಾಗಕ್ಕೆ ಮಾತ್ರ ಕೈ ಹಾಕುತ್ತೇನೆ; ವ್ಯಾಪಾರದ ಭಾಗವನ್ನು ಬಲ್ಲವರು ಇಲ್ಲಿ ಬೇರೆಯವರಿದ್ದಾರೆ.

ಆರಂಭದಲ್ಲಿ ಈ ಅಂತರ ಇರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ವಿಡಿಯೊ ಪರದೆ ಬರುವುದಕ್ಕೂ ಮುಂಚೆ, ದೀಪ, ಕನ್ನಡಿ, ಮೋಟಾರುಗಳಿಂದಲೇ ಆಟ ನಡೆಸುತ್ತಿದ್ದ ಯಂತ್ರಗಳ ಕಾಲದಲ್ಲಿ, ಕಾರಿನ ಓಟದ ಜೊತೆಜೊತೆಗೆ ವಿಮಾನವೂ ಇತ್ತು. ಸೆಗಾ ಕಂಪನಿಯ ಜೆಟ್ ರಾಕೆಟ್ ಎಂಬ ಯಂತ್ರ ಬಂದದ್ದು 1970ರಲ್ಲಿ. ಪರದೆಯ ಮೇಲಿನ ಕಾರಿನ ಓಟ 1974ರಲ್ಲಿ ಅಟಾರಿಯ ಗ್ರಾನ್ ಟ್ರ್ಯಾಕ್ 10ರಿಂದ ಮೊದಲಾಯಿತೆನ್ನಬಹುದು. ಸ್ಟೀರಿಂಗ್, ಗೇರು, ಪೆಡಲುಗಳೆಲ್ಲ ಇದ್ದ ಆ ಯಂತ್ರದೊಳಗೆ ಮೈಕ್ರೊಪ್ರೊಸೆಸರ್ ಮಾತ್ರ ಇರಲಿಲ್ಲ, ಎಲ್ಲವೂ ಬಿಡಿ ಬಿಡಿ ಚಿಪ್ಪುಗಳ ಜೋಡಣೆ. ಅದೇ ವರ್ಷ ಜಪಾನಿನ ಟೈಟೊ ಕಂಪನಿಗಾಗಿ ಸ್ಪೀಡ್ ರೇಸ್ ಎಂಬ ಕಾರಿನ ಆಟವನ್ನು ರೂಪಿಸಿದ ತೊಮೊಹಿರೊ ನಿಶಿಕಾಡೊ, ಅದರ ಬೆನ್ನಿಗೇ ಇಂಟರ್‌ಸೆಪ್ಟರ್ ಎಂಬ ವಿಮಾನದ ಆಟವನ್ನೂ ಮಾಡಿದರು. 1978ರಲ್ಲಿ ಸ್ಪೇಸ್ ಇನ್‌ವೇಡರ್ಸ್ ಮಾಡಿ ಜಗತ್ತಿಗೆಲ್ಲ ಪರಿಚಿತರಾದವರು ಇವರೇ. ಅಂದರೆ ಒಬ್ಬನೇ ಕಲಾವಿದನ ಕೈಯಲ್ಲಿ ಎರಡೂ ಬಗೆಗಳು ಒಟ್ಟಿಗೆ ಬೆಳೆಯುತ್ತಿದ್ದವು.

ದಾರಿಗಳು ಕವಲೊಡೆದದ್ದು ಪರದೆಯ ಮೇಲೆ ಆಳದ ಭ್ರಮೆ ಬೇಕಾದಾಗ. 1976ರ ನೈಟ್ ಡ್ರೈವರ್ ಈ ಸಮಸ್ಯೆಯನ್ನು ಜಾಣತನದಿಂದ ತಪ್ಪಿಸಿಕೊಂಡಿತು. ರಾತ್ರಿಯೆಂದು ಹೇಳಿ ಇಡೀ ಪರದೆಯನ್ನು ಕಪ್ಪಾಗಿಸಿ, ರಸ್ತೆಯಂಚಿನ ಬಿಳಿ ಗೂಟಗಳನ್ನಷ್ಟೇ ತೋರಿಸಿತು. ಆಟಗಾರನ ಕಾರು ಪರದೆಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯ ಮೇಲಿನ ಚಿತ್ರವಾಗಿತ್ತು. ಆಮೇಲೆ 1982ರಲ್ಲಿ ನಾಮ್ಕೊ ಕಂಪನಿಯ ಪೋಲ್ ಪೊಸಿಷನ್ ಬಂದಾಗ ಹಗಲು ಬೆಳಕಿನ ರಸ್ತೆ, ಹಿಂದೆ ಫುಜಿ ಪರ್ವತ, ಎದುರಿಗೆ ಸುಳಿಯುವ ತಿರುವುಗಳೆಲ್ಲ ಕಂಡವು. ಅಲ್ಲಿ ಮೂರು ಆಯಾಮದ ಲೆಕ್ಕಾಚಾರವೇನೂ ನಡೆಯುತ್ತಿರಲಿಲ್ಲ. ಪರದೆಯ ಚಿತ್ರವು ಒಂದರ ಕೆಳಗೊಂದು ಅಡ್ಡಗೆರೆಗಳಿಂದ ಆಗಿರುತ್ತದೆ. ಕೆಳಗಿನ ಗೆರೆಗಳು ಹತ್ತಿರದ ರಸ್ತೆ, ಮೇಲಿನವು ದೂರದ ರಸ್ತೆ ಎಂದು ಇಟ್ಟುಕೊಂಡು, ಮೇಲೆ ಹೋದಂತೆ ಗೆರೆಗಳನ್ನು ಹೆಚ್ಚು ಹೆಚ್ಚಾಗಿ ಪಕ್ಕಕ್ಕೆ ಸರಿಸಿದರೆ ರಸ್ತೆ ಬಾಗಿದಂತೆ ಕಾಣುತ್ತದೆ. ಗೆರೆಗಳ ಬಣ್ಣವನ್ನು ಸರದಿಯಂತೆ ಬದಲಿಸಿದರೆ ರಸ್ತೆ ನಮ್ಮತ್ತ ಹರಿದು ಬಂದಂತೆ ಕಾಣುತ್ತದೆ. ಆ ಕಾಲದ ಅಗ್ಗದ ಚಿಪ್ಪುಗಳಿಂದಲೂ ಸಾಧ್ಯವಾಗುವ ಕೆಲಸವಿದು.

ಆದರೆ ಈ ಉಪಾಯಕ್ಕೆ ಒಂದು ಷರತ್ತಿದೆ. ಕ್ಷಿತಿಜ ಯಾವಾಗಲೂ ಆ ಅಡ್ಡಗೆರೆಗಳಿಗೆ ಸಮಾನಾಂತರವಾಗಿ ಮಲಗಿರಬೇಕು. ಕಾರು ವಾಲುವುದಿಲ್ಲವಾದ್ದರಿಂದ ಅಡ್ಡಿಯಿಲ್ಲ. ವಿಮಾನ ತಿರುಗಬೇಕಾದರೆ ವಾಲಲೇಬೇಕು. ವಾಲಿದೊಡನೆ ಕ್ಷಿತಿಜ ಓರೆಯಾಗುತ್ತದೆ, ಒಂದೇ ಗೆರೆಯ ಮೇಲೆ ಹತ್ತಿರದ ನೆಲವೂ ದೂರದ ನೆಲವೂ ಆಕಾಶವೂ ಬಂದು ಕೂಡುತ್ತವೆ, ಇಡೀ ಉಪಾಯ ಕುಸಿದುಬೀಳುತ್ತದೆ. ಹಾಗಾಗಿ ವಿಮಾನ ಬೇರೆ ದಾರಿ ಹುಡುಕಬೇಕಾಯಿತು. ಬೆಳಕಿನ ಗೆರೆಗಳನ್ನು ನೇರವಾಗಿ ಎಳೆಯುವ ವೆಕ್ಟರ್ ಪರದೆಯ ಮೇಲೆ ಅಟಾರಿ 1980ರಲ್ಲಿ ಬ್ಯಾಟಲ್‌ಝೋನ್ ಎಂಬ ಟ್ಯಾಂಕಿನ ಆಟ ತಂದಿತ್ತು. ಅದೇ ಬಗೆಯ ಯಂತ್ರಾಂಗದ ಮೇಲೆ ರೆಡ್ ಬ್ಯಾರನ್ ಎಂಬ ವಿಮಾನದ ಆಟ ಬಂತು. 1983ರಲ್ಲಿ ಎರಡು ಕೈಯಲ್ಲಿ ಹಿಡಿಯುವ ಹಿಡಿಕೆಯ ಸ್ಟಾರ್ ವಾರ್ಸ್ ಬಂತು. ಕ್ಷಿತಿಜ ಎಷ್ಟು ವಾಲಿದರೂ ಗೆರೆಗೆ ನೋವಿಲ್ಲ. ಆದರೆ ಕಾಣುವುದು ತಂತಿಯ ಚೌಕಟ್ಟು ಮಾತ್ರ, ಬಣ್ಣ ತುಂಬಿದ ಲೋಕವಲ್ಲ.

ಬಹುಭುಜಗಳಿಂದ ಕಟ್ಟಿದ ನಿಜವಾದ ಮೂರು ಆಯಾಮದ ಚಿತ್ರಗಳು ಬಂದ ಮೇಲೆ ಈ ತೊಡಕು ಹೋಯಿತು. 1988ರ ವಿನ್ನಿಂಗ್ ರನ್, 1989ರ ಹಾರ್ಡ್ ಡ್ರೈವಿನ್, 1992ರ ವರ್ಚುವಾ ರೇಸಿಂಗ್ ಇವೆಲ್ಲ ಕಾರಿನವೇ ಆದರೂ, 1993ರಲ್ಲಿ ನಾಮ್ಕೊ ಅದೇ ವಿದ್ಯೆಯಿಂದ ಏರ್ ಕಾಂಬ್ಯಾಟ್ ಎಂಬ ಯುದ್ಧವಿಮಾನದ ಯಂತ್ರವನ್ನೂ ತಂದಿತು. ಅಲ್ಲಿಂದಾಚೆಗೆ ತಂತ್ರಜ್ಞಾನವನ್ನು ನೆಪವಾಗಿ ಹೇಳುವಂತಿಲ್ಲ.

ಆದರೂ ಕಣ್ಣಿಗೆ ಸಂಬಂಧಿಸಿದ ಒಂದು ತೊಂದರೆ ಉಳಿಯುತ್ತದೆ, ಅದಕ್ಕೆ ಯಾವ ಚಿಪ್ಪೂ ಮದ್ದಲ್ಲ. ಬಳ್ಳಾರಿಯಿಂದ ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ರಸ್ತೆಯಂಚಿನ ಜಾಲಿ ಗಿಡಗಳು ಹಿಂದಕ್ಕೆ ಹಾರಿಹೋಗುತ್ತವೆ, ದೂರದ ಬಂಡೆಗುಡ್ಡ ಮಾತ್ರ ಕೂತಲ್ಲೇ ಕೂತಿರುತ್ತದೆ. ಎತ್ತರದಲ್ಲಿ ಹಾರುವವನಿಗೆ ಎಲ್ಲವೂ ಆ ಗುಡ್ಡವೇ. ಗಂಟೆಗೆ ಸಾವಿರ ಕಿಲೋಮೀಟರ್ ವೇಗವೆಂದು ಪರದೆ ಬರೆದು ತೋರಿಸಿದರೂ ಕಣ್ಣಿಗೆ ನಿಂತಂತೆಯೇ ಕಾಣುತ್ತದೆ. ಆದ್ದರಿಂದ ವಿಮಾನದ ಆಟ ಮಾಡುವವರು ಮೋಡಗಳನ್ನೂ ಶತ್ರುವಿಮಾನಗಳನ್ನೂ ಹೊಗೆ ಬಿಡುವ ಕ್ಷಿಪಣಿಗಳನ್ನೂ ಮುಖದ ಹತ್ತಿರಕ್ಕೆ ಎಸೆಯುತ್ತಲೇ ಇರಬೇಕಾಗುತ್ತದೆ. ವಿಮಾನದ ಆಟಗಳು ಹೆಚ್ಚುಕಡಿಮೆ ಎಲ್ಲವೂ ಯುದ್ಧದ ಆಟಗಳಾದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಕೌಲ್ ಬಜಾರ್ ರಿಪೇರಿ, ಬಳ್ಳಾರಿ

ಗುರುಗಳು ಪರದೆಯ ಮುಂದಿನ ಮಾತು ಹೇಳಿದ್ದಾರೆ, ನಾನು ಪರದೆಯ ಹಿಂದಿನದನ್ನು ಹೇಳುತ್ತೇನೆ.

ಅಲುಗಾಡದ ಸೀಟಿನ ಕಾರಿನ ಯಂತ್ರದಲ್ಲಿ ಸವೆಯುವ ವಸ್ತುಗಳು ಕಡಿಮೆ. ಸ್ಟೀರಿಂಗ್ ಎಷ್ಟು ತಿರುಗಿತೆಂದು ಅಳೆಯುವ ಒಂದು ಪಾಟ್ (ಪೊಟೆನ್ಶಿಯೊಮೀಟರ್, ಅಂದರೆ ತಿರುಗಿದಷ್ಟಕ್ಕೆ ವೋಲ್ಟೇಜನ್ನು ಏರಿಳಿಸುವ ಬಿಡಿಭಾಗ), ಪೆಡಲಿಗೆ ಒಂದೊಂದು ಪಾಟ್, ಗೇರಿಗೆ ಸ್ವಿಚ್ಚು, ಸ್ಟೀರಿಂಗನ್ನು ಎದುರು ತಳ್ಳುವ ಮೋಟಾರು ಮತ್ತು ಬೆಲ್ಟು. ಕಾರು ತಾನೇ ಎಡಕ್ಕೆ ಎಳೆಯುತ್ತದೆ ಎಂಬ ದೂರು ಬಂದರೆ ಬಹುಪಾಲು ಪಾಟ್ ಸವೆದಿರುತ್ತದೆ. ಬದಲಿಸುವುದು ಅರ್ಧ ಗಂಟೆಯ ಕೆಲಸ. ವಿಮಾನ ನಡೆಸಲು ಹಿಡಿಯುವ ಕಡ್ಡಿಯಲ್ಲಿ, ಅಂದರೆ ಜಾಯ್‌ಸ್ಟಿಕ್ಕಿನಲ್ಲಿ, ಮುಂದೆ ಹಿಂದೆ ಒಂದು, ಎಡಬಲ ಒಂದು, ಹೀಗೆ ಎರಡು ಅಳತೆಗಳು ಒಂದೇ ಕೀಲಿನಲ್ಲಿ ಕೂಡಿರುತ್ತವೆ. ಶತ್ರು ಬೆನ್ನು ಹತ್ತಿದಾಗ ಆಡುವವನು ಆ ಕಡ್ಡಿಯನ್ನು ಮೈಯ ಭಾರವೆಲ್ಲ ಹಾಕಿ ಎಳೆಯುತ್ತಾನೆ. ಸ್ಟೀರಿಂಗನ್ನು ಎಷ್ಟು ಜೋರಾಗಿ ತಿರುಗಿಸಿದರೂ ಅದು ತಿರುಗುತ್ತದೆ ಅಷ್ಟೆ, ಕಡ್ಡಿಯಾದರೋ ಬುಡದಲ್ಲಿ ಮುರಿಯುತ್ತದೆ. ಸ್ಪ್ರಿಂಗು, ಕೀಲು, ಪಾಟ್ ಎಲ್ಲವೂ ಆ ಯಂತ್ರಕ್ಕೇ ಮಾಡಿದವಾದ್ದರಿಂದ ಪೇಟೆಯಲ್ಲಿ ಸಿಗುವುದಿಲ್ಲ.

ಇನ್ನು ಅಲುಗಾಡುವ ಯಂತ್ರಗಳ ಮಾತು. ಸೆಗಾದ 1987ರ ಆಫ್ಟರ್ ಬರ್ನರ್ ಎಂಬ ಯುದ್ಧವಿಮಾನದ ಯಂತ್ರದ ದೊಡ್ಡ ಮಾದರಿಯಲ್ಲಿ ಇಡೀ ಕಾಕ್‌ಪಿಟ್ಟೇ ವಾಲುತ್ತಿತ್ತು. 1990ರಲ್ಲಿ ಅದೇ ಕಂಪನಿ ಆರ್-360 ಎಂಬ ಯಂತ್ರ ತಂದು, ಆಡುವವನನ್ನು ಸೀಟಿಗೆ ಬಿಗಿದು ತಲೆಕೆಳಗಾಗಿ ಪೂರ್ತಿ ಸುತ್ತು ಹಾಕಿಸಿತು; ಪಕ್ಕದಲ್ಲಿ ಒಬ್ಬ ನೌಕರ ಸದಾ ನಿಂತಿರಲೇಬೇಕು. ಅಂಥದಕ್ಕೆ ಜಾಗ, ಕರೆಂಟು, ಆಳು ಎಲ್ಲಿಂದ ತರುತ್ತೀರಿ? ಬಳ್ಳಾರಿಯ ಬೇಸಿಗೆಯಲ್ಲಿ ಧೂಳು ಕುಡಿದ ಮೋಟಾರು, ಏರಿಳಿಯುವ ವೋಲ್ಟೇಜು ಎರಡೂ ಸೇರಿದರೆ ವಾಲಿದ ಯಂತ್ರ ವಾಲಿದಲ್ಲೇ ನಿಲ್ಲುತ್ತದೆ, ಒಳಗಿನ ಹುಡುಗನನ್ನು ಇಳಿಸುವುದೇ ಒಂದು ಕೆಲಸವಾಗುತ್ತದೆ.

ಕಿನ್ನಾಳ ಬಣ್ಣ, ಕೊಪ್ಪಳ

ಇಬ್ಬರ ಮಾತುಗಳೂ ಸರಿಯೇ, ಆದರೆ ಮೂಲ ಕಾರಣ ಅಲ್ಲಿಲ್ಲವೆಂಬುದು ನನ್ನ ವಾದ. ಅಲುಗಾಡುವ ಯಂತ್ರ ದುಬಾರಿ ಎನ್ನುವುದಾದರೆ 1985ರ ಹ್ಯಾಂಗ್-ಆನ್ ಬೈಕನ್ನೂ 1986ರ ಔಟ್ ರನ್ ಕಾರನ್ನೂ ಏನೆನ್ನಬೇಕು? ಔಟ್ ರನ್ನಿನ ದೊಡ್ಡ ಮಾದರಿಯೂ ಮೋಟಾರಿನಿಂದ ವಾಲುತ್ತಿತ್ತು. ಈ ಎರಡನ್ನೂ ಆಫ್ಟರ್ ಬರ್ನರನ್ನೂ ರೂಪಿಸಿದವರು ಒಬ್ಬರೇ, ಸೆಗಾದ ಯು ಸುಜುಕಿ. ಅವುಗಳ ಚಿತ್ರವಿದ್ಯೆಯೂ ಒಂದೇ ಬಳಗದ್ದು: ಚಪ್ಪಟೆ ಚಿತ್ರಗಳನ್ನು ಕ್ಷಣಕ್ಷಣಕ್ಕೂ ಹಿಗ್ಗಿಸುತ್ತ ಹತ್ತಿರ ಬಂದಂತೆ ತೋರಿಸುವುದು. ಕಂಪನಿ ಒಂದು, ರೂಪಿಸಿದವರು ಒಬ್ಬರು, ವಿದ್ಯೆ ಒಂದು. ಆದರೂ ಔಟ್ ರನ್ನಿನ ಮೊಮ್ಮಕ್ಕಳು ಇಂದಿಗೂ ಮಾಲುಗಳಲ್ಲಿ ಸಾಲುಗಟ್ಟಿದ್ದಾರೆ, ಆಫ್ಟರ್ ಬರ್ನರಿನ ವಂಶ ತೆಳುವಾಯಿತು. ವ್ಯತ್ಯಾಸವಿರುವುದು ತಪ್ಪಿಗೆ ಕೊಡುವ ಶಿಕ್ಷೆಯಲ್ಲಿ.

ಕಾರಿನ ಆಟದಲ್ಲಿ ತಪ್ಪಿನ ದಂಡ ಸಮಯ. ಔಟ್ ರನ್ನಿನಲ್ಲಿ ಕಾರು ಮರಕ್ಕೆ ಗುದ್ದಿ ಪಲ್ಟಿ ಹೊಡೆದು, ಒಳಗಿದ್ದ ಇಬ್ಬರೂ ರಸ್ತೆಗೆ ಬಿದ್ದರೂ ಕೆಲವು ಕ್ಷಣಗಳ ನಂತರ ಮತ್ತೆ ಹೊರಡುತ್ತಾರೆ. ಕಳೆದದ್ದು ಆ ಕ್ಷಣಗಳು ಮಾತ್ರ. ಗಡಿಯಾರ ಸೊನ್ನೆಗೆ ಬರುವುದರೊಳಗೆ ಮುಂದಿನ ಗುರುತನ್ನು ಮುಟ್ಟಿದರೆ ಇನ್ನಷ್ಟು ಸಮಯ ಸಿಗುತ್ತದೆ. ಒಟ್ಟು 15 ಹಾದಿಗಳಿವೆ. ಒಂದು ಓಟಕ್ಕೆ ಐದು, ಮೊದಲ ನಾಲ್ಕರಲ್ಲಿ ಪ್ರತಿಯೊಂದರ ಕೊನೆಗೂ ಕವಲು, ಮುಟ್ಟಬಹುದಾದ ಗುರಿಗಳು ಐದು. ಇದರ ಲೆಕ್ಕವನ್ನು ಅಂಗಡಿಯವನ ಕಡೆಯಿಂದ ನೋಡಿ. ಎಂಥ ದಡ್ಡನಿಗೂ ಮೊದಲ ಗಡಿಯಾರ ಮುಗಿಯುವವರೆಗೆ ಆಟ ಖಚಿತ, ಅವನು ದುಡ್ಡು ದಂಡವಾಯಿತೆಂದು ಜಗಳಕ್ಕೆ ಬರುವುದಿಲ್ಲ. ಎಂಥ ಚತುರನಿಗೂ ಐದನೆಯ ಹಾದಿಯ ಕೊನೆಯಲ್ಲಿ ಆಟ ಮುಗಿಯುವುದು ಖಚಿತ, ಅವನು ಸೀಟು ಹಿಡಿದುಕೊಂಡು ಮಧ್ಯಾಹ್ನವೆಲ್ಲ ಕೂರುವಂತಿಲ್ಲ. ಮೇಲೊಂದು ಮಿತಿ, ಕೆಳಗೊಂದು ಮಿತಿ, ನಡುವೆ ನೈಪುಣ್ಯಕ್ಕೆ ಜಾಗ. ನಾಣ್ಯ ನುಂಗುವ ಯಂತ್ರಕ್ಕೆ ಇದಕ್ಕಿಂತ ಒಪ್ಪುವ ಕಟ್ಟು ನನಗೆ ಬೇರೆ ಕಂಡಿಲ್ಲ.

ವಿಮಾನದ ಆಟದಲ್ಲಿ ತಪ್ಪಿನ ದಂಡ ಸಾವು. ಕ್ಷಿಪಣಿ ತಾಗಿತು, ಒಂದು ಜೀವ ಹೋಯಿತು. ಮತ್ತೆ ತಾಗಿತು, ಮತ್ತೊಂದು ಹೋಯಿತು. ಮೊದಲ ಸಲ ಕುಳಿತವನು ಕಡ್ಡಿಯ ಮರ್ಮ ತಿಳಿಯುವುದರೊಳಗೆ ಎದ್ದು ಹೋಗಬೇಕು, ಪಳಗಿದವನನ್ನು ಎಬ್ಬಿಸುವುದು ಕಷ್ಟ. ವಿಮಾನಕ್ಕೆ ಮರಕ್ಕೆ ಗುದ್ದಿ ಎದ್ದು ಹೊರಡುವ ಹಕ್ಕನ್ನು ಕೊಟ್ಟರೆ ಅದು ವಿಮಾನವಾಗಿ ಕಾಣುವುದಿಲ್ಲ ಎಂಬುದು ಈ ಬಗೆಯ ಹುಟ್ಟುಗುಣ. ಕಾರಿನವರಾದರೋ ಅಪಘಾತವನ್ನೂ ಮನರಂಜನೆಯಾಗಿ ಮಾರಿದರು. ಹಾರ್ಡ್ ಡ್ರೈವಿನ್ ಯಂತ್ರದಲ್ಲಿ ಕೀಲಿಕೈ, ಕ್ಲಚ್ಚು ಎಲ್ಲ ನಿಜದಂತೆಯೇ ಇದ್ದು, ಗುದ್ದಿದ ಮೇಲೆ ಆ ದೃಶ್ಯವನ್ನು ಹೊರಗಿನಿಂದ ಮತ್ತೊಮ್ಮೆ ತೋರಿಸುತ್ತಿತ್ತು. ಸುತ್ತ ನಿಂತವರು ಗೆದ್ದವನಿಗಿಂತ ಬಿದ್ದವನನ್ನು ನೋಡಿ ಹೆಚ್ಚು ಖುಷಿಪಡುತ್ತಾರೆ, ಇದು ನಮ್ಮ ಗವಿಮಠದ ಜಾತ್ರೆಯ ಆಟದ ಮಳಿಗೆಗಳ ಮುಂದೆ ನಿಂತ ಯಾರಿಗೂ ಗೊತ್ತಿರುವ ವಿಷಯ.

ಎರಡನೆಯ ಮಾತು ಪಕ್ಕದ ಸೀಟಿನದು. ನಾಮ್ಕೊದ ಫೈನಲ್ ಲ್ಯಾಪ್ 1987ರಲ್ಲಿ ಎರಡು ಸೀಟಿನ ನಾಲ್ಕು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಎಂಟು ಜನ ಒಂದೇ ಓಟದಲ್ಲಿ ಕೂಡುವಂತೆ ಮಾಡಿತು. ಹಿಂದೆ ಬಿದ್ದವನ ಕಾರಿಗೆ ಗುಟ್ಟಾಗಿ ವೇಗ ಹೆಚ್ಚಿಸಿ ಎಲ್ಲರನ್ನೂ ಒಂದೇ ಗುಂಪಿನಲ್ಲಿ ಉಳಿಸುವ ಉಪಾಯವೂ ಅದರಲ್ಲಿತ್ತು. ಸೆಗಾದ ಡೇಟೋನಾ ಯುಎಸ್‌ಎ ಎಂಬ ಕಾರಿನ ಆಟ ಇದೇ ಎಂಟು ಸೀಟುಗಳ ಸಾಲನ್ನು ಊರೂರಿಗೆ ಒಯ್ದಿತು. ರಸ್ತೆ ಒಂದೇ ಇರುವುದರಿಂದ ಯಾರು ಮುಂದೆ, ಯಾರು ಹಿಂದೆ ಎಂಬುದು ಬಾಗಿಲಲ್ಲಿ ನಿಂತವನಿಗೂ ತಿಳಿಯುತ್ತದೆ. ಆಕಾಶದಲ್ಲಿ ಇಬ್ಬರು ಹಾರಾಡಿದರೆ ಅರ್ಧ ಸಮಯ ಒಬ್ಬರನ್ನೊಬ್ಬರು ಹುಡುಕುವುದರಲ್ಲಿಯೇ ಹೋಗುತ್ತದೆ. ಇಬ್ಬರು ವಿಮಾನಗಳಲ್ಲಿ ಕಾದಾಡುವ ವಿಂಗ್ ವಾರ್ ಎಂಬ ಯಂತ್ರವನ್ನು ಸೆಗಾ 1994ರಲ್ಲಿ ತಂದಿತ್ತು, ಅದು ಡೇಟೋನಾದ ನೆರಳಿಗೂ ಬರಲಿಲ್ಲ.

ಸ್ಟೀರಿಂಗನ್ನು ಯಾರೂ ಕಲಿಸಬೇಕಿಲ್ಲ, ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಮೂಗು ಮೇಲೇರುತ್ತದೆಂಬುದನ್ನು ಕಲಿಸಬೇಕು ಎಂಬ ಮೂರನೆಯ ಮಾತು ಎಲ್ಲರಿಗೂ ಹೊಳೆಯುವಂಥದು, ಅದನ್ನು ಬೆಳೆಸುವುದಿಲ್ಲ.

ಸಿಂಧನೂರು ಕ್ಯಾಂಪ್, ರಾಯಚೂರು ಜಿಲ್ಲೆ

ಎಲ್ಲರೂ ಕುಳಿತು ಆಡುವ ದೊಡ್ಡ ಯಂತ್ರಗಳನ್ನೇ ಲೆಕ್ಕಕ್ಕೆ ಹಿಡಿದು ವಿಮಾನ ಸೋತಿತೆಂದು ತೀರ್ಪು ಕೊಡುತ್ತಿದ್ದೀರಿ. ನಿಂತು ಆಡುವ ಸಾದಾ ಯಂತ್ರಗಳಲ್ಲಿ ವಿಮಾನವೇ ರಾಜನಾಗಿತ್ತು. ಕೊನಾಮಿಯ ಟೈಮ್ ಪೈಲಟ್ 1982ರದು, ಕ್ಯಾಪ್‌ಕಾಮ್‌ನ 1942 ಎಂಬ ಆಟ 1984ರದು, ರೈಡೆನ್ 1990ರದು. ನಮ್ಮ ಸಣ್ಣ ಊರುಗಳ ವಿಡಿಯೊ ಗೇಮ್ ಅಂಗಡಿಗಳಲ್ಲಿ ಸ್ಟೀರಿಂಗ್ ಇರುವ ಯಂತ್ರವನ್ನು ಯಾರು ಕಂಡಿದ್ದರು? ಮೇಲಿನಿಂದ ನೋಡುತ್ತ, ಕೆಳಗಿನಿಂದ ಮೇಲಕ್ಕೆ ಹಾರುತ್ತ, ಬಟನ್ ಕುಟ್ಟುತ್ತ ಆಡಿದ್ದೆಲ್ಲ ವಿಮಾನದ ಆಟವಲ್ಲವೇ? ವಿಮಾನ ಸಾಯಲಿಲ್ಲ, ಪೆಟ್ಟಿಗೆ ಬದಲಿಸಿತು, ಅಷ್ಟೆ.

ಕೌಲ್ ಬಜಾರ್ ರಿಪೇರಿ, ಬಳ್ಳಾರಿ

ಸಿಂಧನೂರಿನವರು ಹೇಳಿದ್ದಕ್ಕೆ ನನ್ನ ಕಡೆಯ ಸಾಕ್ಷಿ ಇದೆ. 1985ರ ಸುಮಾರಿಗೆ ಜಪಾನಿನ ತಯಾರಕರ ಸಂಘ ಜಾಮಾ ಎಂಬ ಒಂದು ಸಮಾನ ಜೋಡಣೆಯನ್ನು ಗೊತ್ತುಮಾಡಿತು. 56 ಪಿನ್ನಿನ ಒಂದೇ ಕನೆಕ್ಟರ್. ಆಟವಿರುವ ಹಳೆಯ ಬೋರ್ಡು ಕಿತ್ತು ಹೊಸದನ್ನು ಚುಚ್ಚಿದರೆ ಅದೇ ಪೆಟ್ಟಿಗೆಯಲ್ಲಿ ಬೇರೆ ಆಟ. ಆದರೆ ಆ ಪಿನ್ನುಗಳಲ್ಲಿ ಜಾಯ್‌ಸ್ಟಿಕ್ಕಿನ ನಾಲ್ಕು ದಿಕ್ಕು ಮತ್ತು ಬಟನ್ನುಗಳಿಗೆ ಮಾತ್ರ ಜಾಗ. ಸ್ಟೀರಿಂಗಿನ ಪಾಟ್ ಕೊಡುವ ಏರಿಳಿಯುವ ವೋಲ್ಟೇಜನ್ನು ಓದುವ ವ್ಯವಸ್ಥೆ ಇಲ್ಲ. ಹೀಗಾಗಿ ಸಣ್ಣ ಅಂಗಡಿಯವರಿಗೆ ಹೊಡೆದಾಟದ ಆಟ, ಮೇಲಿನಿಂದ ನೋಡುವ ವಿಮಾನದ ಆಟ ಅಗ್ಗವಾಗಿ ದಕ್ಕಿದವು. ಕಾರು, ಕಾಕ್‌ಪಿಟ್ಟು ಎರಡೂ ದೊಡ್ಡ ಊರಿನ ಸರಕಾಗಿ ಉಳಿದವು.

ಕಿನ್ನಾಳ ಬಣ್ಣ, ಕೊಪ್ಪಳ

ಜಾಮಾ ಕುರಿತ ವಿವರಕ್ಕೆ ಧನ್ಯವಾದ, ಆದರೆ ಸಿಂಧನೂರಿನವರ ತೀರ್ಮಾನವನ್ನು ಒಪ್ಪಲಾರೆ. 1942 ಎಂಬ ಆ ಆಟದಲ್ಲಿ ವಿಮಾನದ ಬದಲು ದೋಣಿಯ ಚಿತ್ರವಿಟ್ಟರೂ ಆಟದ ನಿಯಮ ಹೆಚ್ಚೇನೂ ಬದಲಾಗುವುದಿಲ್ಲ. ಗುಂಡು ತಪ್ಪಿಸಿಕೊಳ್ಳಲು ಹಾಕುವ ಲಾಗವೊಂದನ್ನು ಬಿಟ್ಟರೆ ಏರುವುದಿಲ್ಲ, ಇಳಿಯುವುದಿಲ್ಲ, ವಾಲಿದರೂ ದಿಕ್ಕು ತಪ್ಪುವುದಿಲ್ಲ. ಅದು ಗುಂಡು ತಪ್ಪಿಸಿಕೊಳ್ಳುವ ಆಟ, ಬಲು ಒಳ್ಳೆಯ ಆಟವೇ, ಹಾರುವ ಆಟವಲ್ಲ. ಟೈಮ್ ಪೈಲಟ್‌ಗೆ ಬೇಕಾದರೆ ಸ್ವಲ್ಪ ವಿನಾಯಿತಿ ಕೊಡುತ್ತೇನೆ, ಏಕೆಂದರೆ ಅದರಲ್ಲಿ ವಿಮಾನ ಪರದೆಯ ನಡುವೆಯೇ ಇದ್ದು ಸುತ್ತಲಿನ ಆಕಾಶ ಎಲ್ಲ ದಿಕ್ಕಿಗೂ ಸರಿಯುತ್ತದೆ, ತಿರುಗುವುದಕ್ಕೆ ಅಲ್ಲಿ ನಿಜವಾದ ಅರ್ಥವಿದೆ.

ಹಗರಿ ದಂಡೆ, ಬಳ್ಳಾರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ ಉಳಿದಿದೆ. ಗುಂಡು ಹಾರಿಸದೆ, ಪ್ರಯಾಣಿಕರ ವಿಮಾನವನ್ನು ಸುಮ್ಮನೆ ಏರಿಸಿ ಇಳಿಸುವ ಯಂತ್ರವನ್ನು ಯಾರೂ ಮಾಡಲಿಲ್ಲವೇ? ನಮ್ಮ ಮನೆಯ ಮಕ್ಕಳು ಕೇಳುವುದು ಅದನ್ನೇ. ಹಾಗೆಯೇ, ಇಷ್ಟೆಲ್ಲ ಕೇಳಿದ ಮೇಲೂ ತಮ್ಮನ ಹಟ ಇಳಿದಿಲ್ಲವಾದ್ದರಿಂದ, ಒಂದು ವಿಮಾನದ ಯಂತ್ರ ತರಲೇಬೇಕಾದರೆ ಎಂಥದನ್ನು ತರಬೇಕು?

ಶಕ್ತಿನಗರದವ, ರಾಯಚೂರು

ಮಾಡಿದ್ದಾರೆ. ಟೈಟೊ ಕಂಪನಿ 1987ರಲ್ಲಿ ಮಿಡ್‌ನೈಟ್ ಲ್ಯಾಂಡಿಂಗ್, 1988ರಲ್ಲಿ ಟಾಪ್ ಲ್ಯಾಂಡಿಂಗ್ ಎಂಬ ಯಂತ್ರಗಳನ್ನು ತಂದಿತು. ಕೆಲಸವೆಂದರೆ ಪ್ರಯಾಣಿಕರ ಜೆಟ್ ವಿಮಾನವನ್ನು ರನ್‌ವೇ ಮೇಲೆ ಸುರಕ್ಷಿತವಾಗಿ ಇಳಿಸುವುದು. ಮೊದಲನೆಯದು ರಾತ್ರಿಯ ಆಟವಾದದ್ದನ್ನು ಗಮನಿಸಿ. ನೈಟ್ ಡ್ರೈವರ್‌ನ ಕಾಲದಿಂದಲೂ ಕತ್ತಲೆ ಗ್ರಾಫಿಕ್ಸ್‌ನವರ ನೆಂಟ: ಊರಿನ ದೀಪ, ರನ್‌ವೇ ದೀಪ, ಇಷ್ಟು ಚುಕ್ಕೆಗಳನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಉಳಿದ ನೆಲವನ್ನು ಆಟಗಾರನ ಮನಸ್ಸೇ ತುಂಬಿಕೊಳ್ಳುತ್ತದೆ, ಕ್ಷಿತಿಜ ವಾಲಿದರೂ ಚುಕ್ಕೆಗಳನ್ನು ತಿರುಗಿಸುವುದು ಕಷ್ಟವಲ್ಲ. ನನ್ನ ಮಟ್ಟಿಗೆ ಇವು ಈ ಬಗೆಯ ಅತ್ಯಂತ ಪ್ರಾಮಾಣಿಕ ಆಟಗಳು.

ಆದರೆ ಇಳಿಯುವ ಕಲೆ ತಾಳ್ಮೆಯದು. ಅಲ್ಪ ತಿದ್ದುಪಡಿ, ಕಾಯುವುದು, ಮತ್ತೆ ಅಲ್ಪ ತಿದ್ದುಪಡಿ. ಹಿಂದೆ ಸರದಿಯಲ್ಲಿ ನಿಂತವನಿಗೆ ನೋಡಲು ಏನೂ ಇರುವುದಿಲ್ಲ. ಇಂಥ ಹಾರಾಟ ಮನೆಯ ಕಂಪ್ಯೂಟರಿಗೆ ಹೋಗಿ ನೆಲೆಸಿತು. ಬ್ರೂಸ್ ಆರ್ಟ್‌ವಿಕ್ ರೂಪಿಸಿದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 1982ರಲ್ಲಿಯೇ ಬಂದು ಇಂದಿಗೂ ಹೊಸ ಹೊಸ ಆವೃತ್ತಿಗಳಲ್ಲಿ ಬದುಕಿದೆ. ಯುದ್ಧದ ಹಾರಾಟವೂ ಅದೇ ಹಾದಿ ಹಿಡಿಯಿತು. ನಾನು ಮೇಲೆ ಹೇಳಿದ ಏರ್ ಕಾಂಬ್ಯಾಟ್ 1995ರಲ್ಲಿ ಪ್ಲೇಸ್ಟೇಷನ್ನಿಗೆ ಬಂದು, ಏಸ್ ಕಾಂಬ್ಯಾಟ್ ಎಂಬ ಹೆಸರಿನ ಸರಣಿಯಾಗಿ ಬೆಳೆಯಿತು. ಮನೆಯಲ್ಲಿ ಟೋಕನ್ನಿನ ಗಡಿಯಾರವಿಲ್ಲವಾದ್ದರಿಂದ ಸತ್ತರೆ ಮತ್ತೆ ಶುರುಮಾಡಬಹುದು. ಕೊಪ್ಪಳದವರು ಹೇಳಿದ ಸಾವಿನ ದಂಡಕ್ಕೆ ಅಲ್ಲಿ ಬೆಲೆಯೇ ಇಲ್ಲ. ಕಾರಿನ ಆಟಕ್ಕೆ ಮನೆಯಲ್ಲಿ ಸ್ಟೀರಿಂಗ್, ಸೀಟು, ಪಕ್ಕದ ಗೆಳೆಯ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಆದ್ದರಿಂದ ಅದು ಅಂಗಡಿಯಲ್ಲಿ ಉಳಿಯಿತು.

ಕೌಲ್ ಬಜಾರ್ ರಿಪೇರಿ, ಬಳ್ಳಾರಿ

ಯಾವುದನ್ನು ತರಬೇಕೆಂಬ ಮಾತಿಗೆ ಬರುತ್ತೇನೆ. ಕಳೆದ ದಶಕದ ನಡುವೆ ಬಂದ ಸ್ಟಾರ್ ವಾರ್ಸ್ ಬ್ಯಾಟಲ್ ಪಾಡ್ ಎಂಬ ಯಂತ್ರದ ಬಗ್ಗೆ ವ್ಯಾಪಾರಿ ನಿಮ್ಮ ತಮ್ಮನ ಕಿವಿ ತುಂಬಿರಬಹುದು. ಒಳಗೆ ಕುಳಿತವನನ್ನು ಸುತ್ತುವರಿಯುವ ಗುಮ್ಮಟದಂಥ ಪರದೆ ನೋಡಲು ಭರ್ಜರಿ, ಆದರೆ ನಿಮ್ಮ ಮಳಿಗೆಗೆ ಅದು ಬೇಡ. ಅಲುಗಾಡದ ಸೀಟು, ಚಪ್ಪಟೆ ಪರದೆ ಇರುವುದನ್ನೇ ನೋಡಿ. ಕಾರಿನವು ಎರಡನ್ನು ಒಂದೇ ಮಾದರಿಯವನ್ನಾಗಿ ಕೊಂಡು ತಂತಿಯಿಂದ ಜೋಡಿಸಿ ಅಕ್ಕಪಕ್ಕ ಇಡಿಸಿ, ಬಾಡಿಗೆ ದುಡಿಯುವುದು ಅವೇ. ಬೇರೆ ಬೇರೆ ಮಾದರಿಯ ಎರಡು ಕಾರುಗಳಿಗಿಂತ ಜೋಡಿಸಿದ ಎರಡು ಹಳೆಯ ಕಾರುಗಳು ಮೇಲು. ವಿಮಾನವನ್ನು ಬಾಗಿಲ ಹತ್ತಿರ, ಪರದೆ ಬೀದಿಗೆ ಕಾಣುವಂತೆ ಇಟ್ಟರೆ ಜನರನ್ನು ಒಳಗೆ ಕರೆಯುವ ಕೆಲಸವನ್ನಾದರೂ ಅದು ಮಾಡುತ್ತದೆ.

ಕೊಳ್ಳುವಾಗ ಟೆಸ್ಟ್ ಮೆನು, ಅಂದರೆ ಯಂತ್ರವನ್ನು ಪರೀಕ್ಷಿಸುವ ಪರದೆ, ತೆರೆಸಿ. ಕಡ್ಡಿಯನ್ನು ಬಿಟ್ಟಾಗ ಎರಡೂ ಅಳತೆಗಳ ಅಂಕಿ ನಡುವಿಗೆ ಮರಳಿ ಸ್ಥಿರವಾಗಿ ನಿಲ್ಲಬೇಕು. ಕೈ ತೆಗೆದ ಮೇಲೂ ಅಂಕಿ ನಡುಗುತ್ತಿದ್ದರೆ ಪಾಟ್ ಹೋಗಿದೆ ಎಂದರ್ಥ. ನಾಲ್ಕು ಮೂಲೆಗಳಿಗೂ ಕಡ್ಡಿಯನ್ನು ತಳ್ಳಿ ನೋಡಿ, ಬರೀ ಮುಂದೆ ಹಿಂದೆ ಅಲ್ಲ, ಏಕೆಂದರೆ ಕೀಲು ಸವೆಯುವುದು ಮೂಲೆಗಳಲ್ಲಿ. ಒಂದು ಜೊತೆ ಸ್ಪ್ರಿಂಗು, ಪಾಟ್ ಬೆಲೆಯೊಳಗೇ ಸೇರಿಸಿ ಕೊಡುವಂತೆ ಒಪ್ಪಿಸಿ, ಆಮೇಲೆ ಕೇಳಿದರೆ ಸಿಗುವುದಿಲ್ಲ. ಅಂಗಡಿಗೆ ತಂದ ದಿನವೇ ಅದೇ ಮೆನುವಿನಲ್ಲಿ ಆಟದ ಕಷ್ಟವನ್ನು ಕೆಳಗಿನ ಮಟ್ಟಕ್ಕೆ ಇಳಿಸಿ, ಜೀವಗಳನ್ನು ಎಷ್ಟು ಬಿಡುತ್ತದೋ ಅಷ್ಟು ಹೆಚ್ಚಿಸಿ. ಹಳೆಯ ಬೋರ್ಡಾದರೆ ಇದಕ್ಕೆ ಒಳಗೆ ಸಣ್ಣ ಡಿಪ್ ಸ್ವಿಚ್ಚುಗಳಿರುತ್ತವೆ. ಕೊಪ್ಪಳದವರು ಹೇಳಿದ ಸಾವಿನ ದಂಡ ಪೂರ್ತಿ ಹೋಗುವುದಿಲ್ಲ, ಆದರೆ ಮೊದಲ ಸಲ ಕುಳಿತ ಹುಡುಗನಿಗೆ ಕಡ್ಡಿ ಎಳೆದರೆ ಮೂಗು ಏರುತ್ತದೆಂದು ಗೊತ್ತಾಗುವಷ್ಟು ಹೊತ್ತಾದರೂ ಸಿಗುತ್ತದೆ. ಸ್ಟೆಬಿಲೈಜರ್ ಇಲ್ಲದೆ ಯಾವ ಯಂತ್ರಕ್ಕೂ ಕರೆಂಟು ಕೊಡಬೇಡಿ. ಪಟ್ಟಿಯಲ್ಲಿರುವ ಮಾದರಿಗಳ ಹೆಸರನ್ನು ಇಲ್ಲಿ ಹಾಕಿದರೆ ಯಾವುದರ ಬಿಡಿಭಾಗ ಸಿಗುತ್ತದೆ, ಯಾವುದರದು ಸಿಗುವುದಿಲ್ಲ ಎಂದು ಬರೆಯುತ್ತೇನೆ.